ಟೆಸ್ಟ್ ಟ್ಯೂಬಿನ ಅಂಕಿ ಬಾಟಲಿಯ ಮೇಲೆ ಬಂದಾಗ

ವಿಮಾನಪುರದ ಮೆಡಿಕಲ್ ಶಾಪ್‌ಗಳಲ್ಲಿ ಈಗ ಬಿ.ಪಿ. ಮಾತ್ರೆಯ ಪಕ್ಕದಲ್ಲೇ ನೆಲ್ಲಿಕಾಯಿ ಜ್ಯೂಸ್, ಅಮೃತಬಳ್ಳಿ ರಸ, ನುಗ್ಗೆಸೊಪ್ಪಿನ ಪುಡಿ ಸಾಲಾಗಿ ಕೂತಿವೆ. ಇಂಥವುಗಳ ಮಾರಾಟಕ್ಕೆ ಸಿಕ್ಕಿರುವ ದೊಡ್ಡ ಪದ ‘ಆಂಟಿಆಕ್ಸಿಡೆಂಟ್’. ಜತೆಗೆ ‘ಲ್ಯಾಬ್‌ನಲ್ಲಿ ಸಾಬೀತಾಗಿದೆ’ ಎಂಬ ಮಾತು. ಲ್ಯಾಬ್‌ನಲ್ಲಿ ಸಾಬೀತಾಗಿದ್ದು ಏನು ಅಂತ ಮಾತ್ರ ಯಾರೂ ಕೇಳಲ್ಲ.

ಹೆಚ್ಚು ಬಳಕೆಯಲ್ಲಿರುವುದು ಡಿಪಿಪಿಎಚ್ ಪರೀಕ್ಷೆ. ಡಿಪಿಪಿಎಚ್ ಎಂಬ ರಾಸಾಯನಿಕದ ನೇರಳೆ ದ್ರಾವಣಕ್ಕೆ ಗಿಡದ ಸಾರ ಬೆರೆಸ್ತಾರೆ. ಸಾರದಲ್ಲಿ ಆಂಟಿಆಕ್ಸಿಡೆಂಟ್ ಇದ್ದರೆ ನೇರಳೆ ಮಾಸಿ ಹಳದಿಯಾಗುತ್ತದೆ. ಬಣ್ಣ ಎಷ್ಟು ಇಳಿಯಿತು ಎಂಬುದನ್ನು ಸ್ಪೆಕ್ಟ್ರೋಫೋಟೋಮೀಟರ್ 517 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತದೆ. ಸುಲಭ, ಅಗ್ಗ. ಕಾಲೇಜು ಲ್ಯಾಬ್‌ನಲ್ಲೂ ಮಾಡಬಹುದು.

ತೊಡಕು ಇಲ್ಲೇ ಶುರು. ಅದೇ ಎಲೆಯ ಸಾರವನ್ನು ನೀರಿನಲ್ಲಿ ತೆಗೆದರೆ ಒಂದು ಅಂಕಿ, ಮೆಥನಾಲ್‌ನಲ್ಲಿ ತೆಗೆದರೆ ಇನ್ನೊಂದು. ಎಫ್‌ಆರ್‌ಎಪಿ ಎಂಬ ಮತ್ತೊಂದು ಪರೀಕ್ಷೆ ಅಳೆಯುವ ಕ್ರಿಯೆಯೇ ಬೇರೆ. ಇನ್ನು ಡಿಪಿಪಿಎಚ್ ನಮ್ಮ ದೇಹದಲ್ಲಿ ಇರುವ ವಸ್ತುವೇ ಅಲ್ಲ. ಕುಡಿದ ರಸದಲ್ಲಿನ ಪಾಲಿಫಿನಾಲ್‌ಗಳು ಕರುಳು, ಯಕೃತ್ತು ದಾಟುವಷ್ಟರಲ್ಲಿ ರೂಪ ಬದಲಿಸಿಕೊಳ್ಳುತ್ತವೆ. ಹಲವು ಪಾಲಿಫಿನಾಲ್‌ಗಳಲ್ಲಿ ರಕ್ತ ಸೇರುವುದು ಅಲ್ಪ ಭಾಗ.

ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆಂಟಿಆಕ್ಸಿಡೆಂಟ್ ಅಂಕಿಗಳ ಪಟ್ಟಿಯನ್ನು 2012ರಲ್ಲಿ ತನ್ನ ಜಾಲತಾಣದಿಂದ ತೆಗೆದುಹಾಕಿತು. ಈ ಅಂಕಿಗೂ ದೇಹದ ಮೇಲಿನ ಪರಿಣಾಮಕ್ಕೂ ಸಂಬಂಧ ಸಾಬೀತಾಗಿಲ್ಲ, ಕಂಪನಿಗಳು ಅದನ್ನು ಪ್ರಚಾರಕ್ಕೆ ದುರ್ಬಳಕೆ ಮಾಡುತ್ತಿವೆ ಎಂಬುದೇ ಕಾರಣ. ಅದಕ್ಕೂ ಮುಂಚೆ, 1994ರಲ್ಲಿ, ಫಿನ್‌ಲೆಂಡ್‌ನ 29,133 ಧೂಮಪಾನಿಗಳ ಅಧ್ಯಯನದ ಫಲಿತಾಂಶ ಬಂದಿತ್ತು. ಆಂಟಿಆಕ್ಸಿಡೆಂಟ್ ಎಂದೇ ಹೆಸರಾದ ಬೀಟಾ ಕ್ಯಾರೋಟಿನ್ ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗಲಿಲ್ಲ, ಶೇ 18ರಷ್ಟು ಹೆಚ್ಚಾಗಿತ್ತು.

ಎಚ್‌ಎಎಲ್‌ ಇರುವ ವಿಮಾನಪುರಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2001ರ ಜನವರಿ 4ರಂದು ಇಲ್ಲಿಂದಲೇ ಮೊದಲ ಸಲ ಹಾರಿದ ತೇಜಸ್, ವಾಯುಪಡೆಯ ಸ್ಕ್ವಾಡ್ರನ್ ಸೇರಿದ್ದು 2016ರ ಜುಲೈ 1ರಂದು. ನೆಲದ ಮೇಲಿನ ಪರೀಕ್ಷೆ ಪಾಸಾಯಿತೆಂದು ಯಾರೂ ವಿಮಾನ ಒಪ್ಪಿಸಿಬಿಡಲಿಲ್ಲ. ಬಾಟಲಿಯ ರಸಕ್ಕೆ ಮಾತ್ರ ಟೆಸ್ಟ್ ಟ್ಯೂಬ್ ಸಾಕೇ?

ನನ್ನ ತಕರಾರು ಪರೀಕ್ಷೆಯ ಮೇಲಲ್ಲ. ಒಂದು ಬ್ಯಾಚ್‌ಗೂ ಇನ್ನೊಂದಕ್ಕೂ ಗುಣಮಟ್ಟ ಹೋಲಿಸಲು, ದಾಸ್ತಾನಿನಲ್ಲಿ ಸಾರ ಕೆಟ್ಟಿದೆಯೇ ನೋಡಲು ಅದು ಒಳ್ಳೆಯ ಸಾಧನ. ಅದನ್ನು ಆರೋಗ್ಯದ ಸರ್ಟಿಫಿಕೇಟ್ ಮಾಡುವುದು ತಪ್ಪು. ಅಂಕಿ ಹಾಕುವ ಕಂಪನಿ ಯಾವ ಪರೀಕ್ಷೆ, ಯಾವ ದ್ರಾವಕ, ಮನುಷ್ಯರ ಮೇಲೆ ಏನು ಸಾಬೀತಾಗಿದೆ ಎಂಬುದನ್ನೂ ಲೇಬಲ್ ಮೇಲೆ ಬರೆಯಲಿ. ಆಹಾರ ಸುರಕ್ಷತಾ ಪ್ರಾಧಿಕಾರ, ಆಯುಷ್ ಇಲಾಖೆಗಳು ಬರೆಸಲಿ. ನೆಲ್ಲಿಕಾಯಿ ತಿನ್ನಿ, ಒಳ್ಳೆಯದೇ. ಬಣ್ಣ ಮಾಸಿದ್ದನ್ನು ನಂಬಿ ಬಿ.ಪಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ.