ಮನಾಮದಲ್ಲಿ ನೂರೈದು ಮಂದಿ, ದಿಲ್ಲಿಯಲ್ಲಿ?

ಬಹರೈನ್: ಚುನಾವಣೆಯಲ್ಲಿ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈದುಕೊಂಡವರು ದೇಶದ ವಿಷಯ ಬಂದಾಗ ಒಂದಾಗಬಲ್ಲರೇ? ಈ ಪ್ರಶ್ನೆಯ ಅರ್ಧ ಉತ್ತರ 2025ರ ಮೇ ತಿಂಗಳ ಕೊನೆಗೆ ನಾವಿರುವ ಈ ಪುಟ್ಟ ದ್ವೀಪಕ್ಕೇ ವಿಮಾನ ಹತ್ತಿ ಬಂದಿತ್ತು. ಉಳಿದರ್ಧವನ್ನು ದಿಲ್ಲಿಯಲ್ಲಿ ಹುಡುಕಬೇಕು.

ಪಹಲ್ಗಾಮ್‌ನಲ್ಲಿ ಏಪ್ರಿಲ್ 22ರಂದು ಉಗ್ರರು 26 ಮಂದಿಯನ್ನು ಕೊಂದರು. ಸತ್ತವರಲ್ಲಿ ಶಿವಮೊಗ್ಗದವರೂ ಇದ್ದರು, ಬೆಂಗಳೂರಿನವರೂ ಇದ್ದರು. ಮೇ 7ರಂದು 'ಆಪರೇಷನ್ ಸಿಂಧೂರ' ನಡೆಯಿತು, 10ರಂದು ಗುಂಡಿನ ಸದ್ದು ನಿಂತಿತು. ಬಳಿಕ ಭಾರತದ ನಿಲುವನ್ನು ಜಗತ್ತಿಗೆ ತಿಳಿಸಲು ಕೇಂದ್ರ ಸರಕಾರ ಏಳು ಸರ್ವಪಕ್ಷ ನಿಯೋಗಗಳನ್ನು ಕಳುಹಿಸಿತು. ನಮ್ಮ ದಕ್ಷಿಣ ಕನ್ನಡದ ಸಂಸದ ಕ್ಯಾಪ್ಟನ್ ಬ್ರಿಜೇಶ್ ಚೌಟ ಅವರು ಡಿಎಂಕೆಯ ಕನಿಮೊಳಿ ನೇತೃತ್ವದಲ್ಲಿ ರಷ್ಯಾ, ಸ್ಪೇನ್ ಕಡೆಗೆ ಹೋದರೆ, ಬೆಂಗಳೂರಿನ ತೇಜಸ್ವಿ ಸೂರ್ಯ ಅವರು ಕಾಂಗ್ರೆಸ್ಸಿನ ಶಶಿ ತರೂರ್ ನೇತೃತ್ವದಲ್ಲಿ ಅಮೆರಿಕದ ಕಡೆಗೆ ಹೋದರು. ಬಹರೈನ್, ಕುವೈತ್, ಸೌದಿ ಅರೇಬಿಯಾ ಮತ್ತು ಅಲ್ಜೀರಿಯಾಕ್ಕೆ ಬಂದದ್ದು ಬಿಜೆಪಿಯ ಬೈಜಯಂತ್ ಪಾಂಡಾ ಅವರ ತಂಡ. ಅದರಲ್ಲಿ ಬಿಜೆಪಿಯ ನಿಶಿಕಾಂತ್ ದುಬೆ ಇದ್ದರು, ಕಾಂಗ್ರೆಸ್ ಬಿಟ್ಟ ಗುಲಾಂ ನಬಿ ಆಜಾದ್ ಇದ್ದರು. ಜೊತೆಗೆ ಹೈದರಾಬಾದಿನ ಅಸಾದುದ್ದೀನ್ ಓವೈಸಿ!

ಕೇವಲ ಏಳು ವಾರಗಳ ಹಿಂದೆ ವಕ್ಫ್ ಮಸೂದೆಯ ಚರ್ಚೆಯಲ್ಲಿ ಲೋಕಸಭೆಯೊಳಗೆ ಮಸೂದೆಯ ಪ್ರತಿಯನ್ನೇ ಹರಿದವರು ಓವೈಸಿ. ಅವರೇ ಮನಾಮದಲ್ಲಿ ದುಬೆಯವರ ಸಾಲಿನಲ್ಲಿ ಕುಳಿತು, ನಮ್ಮಲ್ಲಿ ರಾಜಕೀಯ ಭಿನ್ನಾಭಿಪ್ರಾಯಗಳಿವೆ, ಆದರೆ ದೇಶದ ಅಖಂಡತೆಯ ಪ್ರಶ್ನೆಯಲ್ಲಿ ನಾವೆಲ್ಲ ಒಂದೇ ಎಂಬರ್ಥದ ಮಾತನ್ನಾಡಿದರು. ಅದು ಬರೀ ನಾಟಕ ಎಂದವರು ನಮ್ಮವರಲ್ಲೂ ಇದ್ದರು. ನಮಗೆ ಹಾಗನ್ನಿಸಲಿಲ್ಲ. ಪಾಕಿಸ್ತಾನದ ಸಹೋದ್ಯೋಗಿಗಳ ಜೊತೆ ಒಂದೇ ಕಚೇರಿಯಲ್ಲಿ, ಒಂದೇ ಕ್ಯಾಂಪಿನಲ್ಲಿ ದಿನ ಕಳೆಯುವ ನಮ್ಮಂಥವರಿಗೆ ಆ ಮೇ ತಿಂಗಳು ಹೇಗಿತ್ತೆಂದು ನಮಗೇ ಗೊತ್ತು. ಅಂಥ ಹೊತ್ತಿನಲ್ಲಿ ಎಲ್ಲ ಬಣ್ಣದ ರಾಜಕಾರಣಿಗಳು ಒಟ್ಟಿಗೆ ಬಂದು ನಿಂತದ್ದು ಸಣ್ಣ ಸಂಗತಿಯಲ್ಲ.

2024ರ ಚುನಾವಣೆಯ ಕಹಿಯನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಒಂದು ಕಡೆ ನಾನೂರು ದಾಟುವ ಘೋಷಣೆ, ಇನ್ನೊಂದು ಕಡೆ ಸಂವಿಧಾನವನ್ನೇ ಬದಲಿಸುತ್ತಾರೆಂಬ ಆರೋಪ, ನಡುವೆ ಮಂಗಳಸೂತ್ರದ ಮಾತು. ಕೊನೆಗೆ ಬಿಜೆಪಿಗೆ 240, ಕಾಂಗ್ರೆಸ್ಸಿಗೆ 99. ನಮ್ಮ ರಾಜ್ಯದ 28 ಸ್ಥಾನಗಳಲ್ಲಿ ಬಿಜೆಪಿ 17, ಕಾಂಗ್ರೆಸ್ 9, ಜೆಡಿಎಸ್ 2. ಗೆದ್ದವರಿಗೆ ಸ್ವಂತ ಬಹುಮತವಿಲ್ಲ, ಸೋತವರಿಗೆ ಸೋತ ಭಾವವಿಲ್ಲ! ಇಲ್ಲಿ ಕೊಲ್ಲಿಯಲ್ಲೂ ಎಷ್ಟೋ ವಾಟ್ಸಾಪ್ ಗುಂಪುಗಳು ಒಡೆದವು, ಒಂದೇ ಊರಿನವರು ಮಾತು ಬಿಟ್ಟರು. ವಿಚಿತ್ರವೆಂದರೆ, ಇಲ್ಲಿಂದ ನಾವು ಮತ ಹಾಕುವಂತೆಯೇ ಇಲ್ಲ. ಅನಿವಾಸಿಗಳಿಗೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು 2011ರಿಂದ ಅವಕಾಶ ಸಿಕ್ಕಿದೆ ನಿಜ. ಆದರೆ ಖುದ್ದು ಊರಿಗೆ ಹೋಗಿ ಮತಗಟ್ಟೆಯಲ್ಲಿ ನಿಲ್ಲಬೇಕು.

ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ನಮ್ಮ ಓದುಗರಿಗೆ ಇದನ್ನೆಲ್ಲ ನೋಡಿದಾಗ ಘೋಷಯಾತ್ರೆಯ ಪ್ರಸಂಗ ನೆನಪಾಗದೆ ಇರದು. ಕಾಡಿನಲ್ಲಿದ್ದ ಪಾಂಡವರನ್ನು ಅಣಕಿಸಲು ವೈಭವದಿಂದ ಬಂದ ಕೌರವನನ್ನು ಗಂಧರ್ವ ಚಿತ್ರಸೇನ ಹೆಡೆಮುರಿ ಕಟ್ಟುತ್ತಾನೆ. ಒಳ್ಳೆಯದೇ ಆಯಿತು ಎನ್ನುವ ಭೀಮನಿಗೆ ಧರ್ಮರಾಯ ಹೇಳುವುದೇನು? ನಮ್ಮೊಳಗೆ ಅವರು ನೂರು, ನಾವು ಐದು. ಹೊರಗಿನವರ ಮುಂದೆ ನಾವು ನೂರೈದು. ಈ ಮಾತನ್ನು ನಾವೆಲ್ಲ ಮೆಚ್ಚಿ ಹೇಳುತ್ತೇವೆ. ಆದರೆ ಕಥೆಯ ಮುಂದಿನ ಭಾಗವನ್ನು ಮರೆಯುತ್ತೇವೆ. ಬಿಡುಗಡೆಯಾದ ಕೌರವ ಮನೆಗೆ ಹೋಗಿ ರಾಜ್ಯದಲ್ಲಿ ಪಾಲು ಕೊಟ್ಟನೇ? ಸೂಜಿಮೊನೆಯಷ್ಟು ನೆಲವನ್ನೂ ಕೊಡಲಿಲ್ಲ. ಗಂಧರ್ವನ ಎದುರು ಒಂದಾದದ್ದು ಕುರುಕ್ಷೇತ್ರವನ್ನು ತಪ್ಪಿಸಲಿಲ್ಲ.

ನಮ್ಮ ನಿಯೋಗಗಳ ಕಥೆಯಲ್ಲೂ ಈ ಬಿರುಕು ಮೊದಲ ದಿನವೇ ಕಂಡಿತ್ತು. ಕಾಂಗ್ರೆಸ್ ನಾಲ್ವರ ಹೆಸರು ಕೊಟ್ಟಿತು, ಅವರಲ್ಲಿ ಕರ್ನಾಟಕದ ರಾಜ್ಯಸಭಾ ಸದಸ್ಯ ನಾಸಿರ್ ಹುಸೇನ್ ಕೂಡ ಒಬ್ಬರು. ಸರಕಾರ ತೆಗೆದುಕೊಂಡದ್ದು ಆನಂದ್ ಶರ್ಮಾ ಒಬ್ಬರನ್ನು. ಪಟ್ಟಿಯಲ್ಲೇ ಇಲ್ಲದ ತರೂರ್ ಒಂದು ತಂಡದ ನಾಯಕರಾದರು. ತರೂರ್ ಸಮರ್ಥರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಎದುರಾಳಿಯ ಪ್ರತಿನಿಧಿ ಯಾರೆಂದು ನಾವೇ ಆರಿಸಿದರೆ ಅದು ಒಗ್ಗಟ್ಟೋ, ಎದುರಾಳಿಯ ಮನೆ ಒಡೆಯುವ ಉಪಾಯವೋ ಎಂಬ ಸಂಶಯ ಬರುವುದು ಸಹಜ. ಜೂನ್ ತಿಂಗಳಲ್ಲಿ ಮಲ್ಲಿಕಾರ್ಜುನ ಖರ್ಗೆಯವರು, ನಮಗೆ ದೇಶ ಮೊದಲು, ಕೆಲವರಿಗೆ ಮೋದಿ ಮೊದಲು ಎಂದು ಚುಚ್ಚಿದ್ದು ಇದರದೇ ಫಲ.

ಇದಕ್ಕಿಂತ ಭಿನ್ನವಾಗಿ ನಡೆದ ಕಾಲವೂ ಒಂದಿತ್ತು. 1994ರಲ್ಲಿ ಕಾಶ್ಮೀರದ ವಿಷಯದಲ್ಲಿ ಜಿನೀವಾದ ಮಾನವ ಹಕ್ಕು ಆಯೋಗದ ಮುಂದೆ ಪಾಕಿಸ್ತಾನ ನಿರ್ಣಯ ತಂದಾಗ, ಪ್ರಧಾನಿ ನರಸಿಂಹರಾಯರು ನಿಯೋಗದ ನಾಯಕತ್ವವನ್ನು ವಿರೋಧ ಪಕ್ಷದ ನಾಯಕ ವಾಜಪೇಯಿಯವರಿಗೇ ಕೊಟ್ಟರು. ಅಯೋಧ್ಯೆಯ ಘಟನೆ ನಡೆದು ಆಗ ಒಂದೂವರೆ ವರ್ಷವೂ ಆಗಿರಲಿಲ್ಲ. ಅದರ ಬೆನ್ನಿಗೆ ರಾಯರ ಸರಕಾರ ಬಿಜೆಪಿಯ ರಾಜ್ಯ ಸರಕಾರಗಳನ್ನು ವಜಾ ಮಾಡಿತ್ತು. ನಮ್ಮ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಪ್ರಸಿದ್ಧ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಜಾವನ್ನು ಎತ್ತಿಹಿಡಿದದ್ದೂ ಅದೇ ಮಾರ್ಚ್ ತಿಂಗಳಲ್ಲಿ. ಅಷ್ಟು ಕಹಿ ಇದ್ದರೂ ವಾಜಪೇಯಿ ಹೋದರು, ವಿದೇಶಾಂಗ ರಾಜ್ಯ ಸಚಿವ ಸಲ್ಮಾನ್ ಖುರ್ಷಿದ್ ಅವರ ಜೊತೆಗಿದ್ದರು. ಪಾಕಿಸ್ತಾನ ನಿರ್ಣಯವನ್ನು ಹಿಂದಕ್ಕೆ ಪಡೆಯಿತು. ರಾಯರು ಬಿಜೆಪಿಯಿಂದ ಯಾರೋ ಒಬ್ಬರನ್ನು ಹೆಕ್ಕಿ ತೆಗೆಯಲಿಲ್ಲ, ಅದರ ನಾಯಕನನ್ನೇ ಕರೆದು ಕೂರಿಸಿದರು. ವ್ಯತ್ಯಾಸ ಇರುವುದು ಇಲ್ಲೇ.

2025ರಲ್ಲಿ ಸರಕಾರ ಎಡವಿದ್ದು ಇನ್ನೊಂದು ಕಡೆ. ಸಂಸತ್ತಿನ ವಿಶೇಷ ಅಧಿವೇಶನ ಕರೆಯಿರಿ ಎಂದು ಜೂನ್ ಮೊದಲ ವಾರ 16 ವಿರೋಧ ಪಕ್ಷಗಳು ಪತ್ರ ಬರೆದವು. ಕರೆಯಲಿಲ್ಲ. ಬಹರೈನಿನಲ್ಲಿ, ಬ್ರೆಜಿಲ್ಲಿನಲ್ಲಿ ವಿವರಿಸಿದ ವಿಷಯ ನಮ್ಮದೇ ಲೋಕಸಭೆಯಲ್ಲಿ ಚರ್ಚೆಗೆ ಬಂದದ್ದು ಜುಲೈ 28ರಂದು. ಹತ್ತು ದಿನ ಕಳೆಯುವಷ್ಟರಲ್ಲಿ ಬೆಂಗಳೂರಿನ ಮಹದೇವಪುರದಲ್ಲಿ ಲಕ್ಷಕ್ಕೂ ಹೆಚ್ಚು ಮತ ಕಳವಾಗಿದೆ ಎಂದು ರಾಹುಲ್ ಗಾಂಧಿ ಆರೋಪಿಸಿದರು, ಆಣೆ ಮಾಡಿ ಬರೆದುಕೊಡಿ ಎಂದಿತು ಚುನಾವಣಾ ಆಯೋಗ. ಮತದಾರರ ಪಟ್ಟಿಯನ್ನೇ ನಂಬದ ಎರಡು ಬಣಗಳು ಬೇರೆ ಯಾವುದರ ಮೇಲೆ ಒಂದಾಗಿ ನಿಲ್ಲಬೇಕು? ಇಲ್ಲಿ ವಿರೋಧ ಪಕ್ಷದ ಮೇಲೂ ಹೊಣೆಯಿದೆ. ಪಟ್ಟಿ ತಯಾರಾಗುವಾಗಲೇ ಏಕೆ ನೋಡಲಿಲ್ಲ ಎಂಬರ್ಥದಲ್ಲಿ ಸ್ವಪಕ್ಷವನ್ನೇ ಕೇಳಿದ ಕೆ.ಎನ್. ರಾಜಣ್ಣ, ಸಿದ್ದರಾಮಯ್ಯ ಸಂಪುಟದ ಸಚಿವ ಸ್ಥಾನವನ್ನೇ ಕಳೆದುಕೊಂಡರು. ಪ್ರಶ್ನೆ ಕೇಳುವವನನ್ನು ಸಹಿಸದಿರುವುದು ಒಂದೇ ಪಕ್ಷದ ರೋಗವಲ್ಲ ನೋಡಿ.

ಜುಲೈ 28ರ ಆ ಚರ್ಚೆಯಲ್ಲಿ ಓವೈಸಿಯವರೂ ಎದ್ದು ನಿಂತರು. ಪಹಲ್ಗಾಮ್‌ನಲ್ಲಿ ಸತ್ತವರನ್ನು ಮರೆತು ಪಾಕಿಸ್ತಾನದ ಜೊತೆ ಕ್ರಿಕೆಟ್ ಆಡಲು ನಿಮ್ಮ ಮನಸ್ಸಾಕ್ಷಿ ಒಪ್ಪುತ್ತದೆಯೇ ಎಂದು ಸರಕಾರವನ್ನು ಕೇಳಿದರು. ಮನಾಮದಲ್ಲಿ ಭಾರತದ ಪರ ಮಾತನಾಡಿದ್ದೂ ಆ ಮನುಷ್ಯನೇ, ದಿಲ್ಲಿಯಲ್ಲಿ ಸರಕಾರವನ್ನು ತರಾಟೆಗೆ ತೆಗೆದುಕೊಂಡದ್ದೂ ಆ ಮನುಷ್ಯನೇ. ನಮಗೆ ಇವೆರಡೂ ಒಂದೇ ಕೆಲಸವಾಗಿ ಕಂಡವು. ಅಮೆರಿಕಕ್ಕೆ ತಂಡ ಕಟ್ಟಿಕೊಂಡು ಹೋಗಿದ್ದ ತರೂರ್ ಮಾತ್ರ ಆ ಚರ್ಚೆಯಲ್ಲಿ ತಮ್ಮ ಪಕ್ಷದ ಪರವಾಗಿ ಬಾಯಿ ತೆರೆಯಲಿಲ್ಲ.