ಪರ್ವತವಾಸಿಗಳ ಸ್ವಾಭಿಮಾನ

ಫಿಲಿಪ್ಪೀನ್ಸ್‌ನ ಲುಝಾನ್ ದ್ವೀಪದ ಉತ್ತರಭಾಗದಲ್ಲಿ ಕಾರ್ಡಿಲ್ಲೆರಾ ಪರ್ವತಶ್ರೇಣಿಯಿದೆ. ಅಲ್ಲಿನ ಬೊಂಟೊಕ್, ಇಫುಗಾವ್, ಕಲಿಂಗ, ಇಬಲೋಯ್ ಮೊದಲಾದ ಬುಡಕಟ್ಟುಗಳಿಗೆ ಇಗೊರೋಟ್, ಅರ್ಥಾತ್ ಪರ್ವತವಾಸಿಗಳು, ಎಂಬ ಸಾಮೂಹಿಕ ಹೆಸರಿದೆ. ಬಯಲುನಾಡಿನವರ ಬಾಯಲ್ಲಿ ಬಹುಕಾಲ ನಿಂದೆಯ ಮಾತಾಗಿದ್ದ ಈ ಹೆಸರನ್ನು ಇಂದು ಅವರಲ್ಲಿ ಅನೇಕರು ತಲೆಯೆತ್ತಿ ಹೇಳಿಕೊಳ್ಳುತ್ತಾರೆ. ಈ ಪರಿವರ್ತನೆಯ ಹಿಂದೆ ದೀರ್ಘ ನೋವಿದೆ.

1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಇಗೊರೋಟರನ್ನು ಪ್ರದರ್ಶನಕ್ಕಿಡಲಾಯಿತು. ಕಡಿದಾದ ಬೆಟ್ಟಗಳನ್ನು ಮೆಟ್ಟಿಲುಗದ್ದೆಗಳಾಗಿಸಿದ ಕೃಷಿಕರು ಅಲ್ಲಿ ಬರಿಯ ಕುತೂಹಲದ ವಸ್ತುಗಳಾದರು. 1970ರ ದಶಕದಲ್ಲಿ ಮಾರ್ಕೋಸ್ ಸರಕಾರವು ಚಿಕೋ ನದಿಗೆ ಅಣೆಕಟ್ಟುಗಳನ್ನು ಕಟ್ಟಲು ಹೊರಟಾಗ ಹಳ್ಳಿಗಳೂ ಗದ್ದೆಗಳೂ ಪೂರ್ವಜರ ಸಮಾಧಿಗಳೂ ಮುಳುಗಡೆಯ ಭೀತಿಗೊಳಗಾದವು. ಇದನ್ನು ವಿರೋಧಿಸಿದ ಕಲಿಂಗ ನಾಯಕ ಮಕ್ಲಿ-ಇಂಗ್ ದುಲಾಗ್ 1980ರ ಎಪ್ರಿಲ್ 24ರಂದು ಸೈನಿಕರ ಗುಂಡಿಗೆ ಬಲಿಯಾದರು. ಜನರ ಪ್ರತಿರೋಧದ ಮುಂದೆ ಆ ಯೋಜನೆ ನಿಂತುಹೋಯಿತು. 1997ರ ಕಾನೂನು ಮೂಲನಿವಾಸಿಗಳಿಗೆ ಪೂರ್ವಜರ ಭೂಮಿಯ ಮೇಲಿರುವ ಹಕ್ಕನ್ನು ಮಾನ್ಯ ಮಾಡಿತು.

ಇಂದಿನ ಅಪಾಯ ಸದ್ದಿಲ್ಲದ್ದು. ಇಫುಗಾವ್ ಮೆಟ್ಟಿಲುಗದ್ದೆಗಳು 1995ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದರೂ, 2001ರಿಂದ 2012ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿದ್ದವು. ಬಿತ್ತನೆ, ಕೊಯ್ಲು ಹಾಗೂ ಶವಜಾಗರಣೆಯ ವೇಳೆ ಹೆಚ್ಚಾಗಿ ಸ್ತ್ರೀಯರೇ ಹಾಡುವ ಹುದ್‌ಹುದ್ ಎಂಬ ಗೇಯಕಥನವನ್ನು ಯುನೆಸ್ಕೋ 2001ರಲ್ಲಿ ಮಾನವಕುಲದ ಅಮೂಲ್ಯ ಪರಂಪರೆಯೆಂದು ಸಾರಿತು. ಕೈಕೊಯ್ಲು ಹಿಂದೆ ಸರಿದಂತೆ ಹಾಡಿನ ಸಂದರ್ಭವೂ ಮರೆಯಾಗುತ್ತಿದೆ. ಕಥೋಲಿಕ ಧರ್ಮಕ್ಕೆ ಆದ ಮತಾಂತರವೂ ಪರಂಪರೆಯನ್ನು ದುರ್ಬಲಗೊಳಿಸಿತೆಂದು ಅದೇ ಸಂಸ್ಥೆ ಗುರುತಿಸಿದೆ. ಕಥೋಲಿಕರಾದ ನಾವು ಈ ಮಾತನ್ನು ಕೇಳಿಸಿಕೊಳ್ಳದವರಂತೆ ಸುಮ್ಮನಿರುವುದು ಉಚಿತವಲ್ಲ.

ಹಾಗಾದರೆ ವಿಶ್ವಾಸ ಮತ್ತು ಪರಂಪರೆ ಪರಸ್ಪರ ವಿರೋಧಿಗಳೇ? ಬೊಂಟೊಕಿನಲ್ಲಿ ಜನಿಸಿದ ಯೇಸುಸಭೆಯ ಫ್ರಾನ್ಸಿಸ್ಕೊ ಕ್ಲಾವರ್ ಅವರ ಬದುಕು ಬೇರೆಯೇ ಉತ್ತರ ನೀಡುತ್ತದೆ. ಮಾನವಶಾಸ್ತ್ರವನ್ನು ವ್ಯಾಸಂಗ ಮಾಡಿ, ಇಗೊರೋಟರಲ್ಲಿ ಪ್ರಥಮ ಧರ್ಮಾಧ್ಯಕ್ಷರಾದ ಅವರು ಸೈನಿಕ ಆಡಳಿತವನ್ನು ಧೈರ್ಯದಿಂದ ಖಂಡಿಸಿದರು. 1995ರಿಂದ 2004ರವರೆಗೆ ತಮ್ಮ ಪರ್ವತಜನರ ನಡುವೆಯೇ ಪಾಲಕರಾಗಿದ್ದರು. ಕ್ರೈಸ್ತನಾಗಲು ಇಗೊರೋಟತನವನ್ನು ತೊರೆಯಬೇಕಾಗಿಲ್ಲವೆಂಬುದಕ್ಕೆ ಅವರೇ ಸಾಕ್ಷಿ.

ಪ್ರವಾಸಿಗರೆದುರು ಕುಣಿಯುವ ವೇಷಭೂಷಣದಿಂದ ಮಾತ್ರ ಪರಂಪರೆ ಉಳಿಯದು. ಗದ್ದೆಯ ದುಡಿಮೆಗೆ ನ್ಯಾಯವಾದ ಪ್ರತಿಫಲ, ಮನೆಯಲ್ಲಿ ತಾಯ್ನುಡಿ, ಅಜ್ಜಿಯ ಹಾಡಿಗೆ ಮೊಮ್ಮಗಳ ಕಿವಿ, ದೇವಾಲಯದಲ್ಲಿ ಆ ಹಾಡಿಗೆ ಗೌರವ, ಇವೆಲ್ಲ ಕೂಡಿದಾಗ ಮಾತ್ರ ಅದು ಬಾಳೀತು. ಇಗೊರೋಟರ ಸ್ವಾಭಿಮಾನವನ್ನು ಮೆಚ್ಚುವ ನಾವು, ದೇವರು ಪ್ರತಿಯೊಂದು ಜನಾಂಗಕ್ಕೂ ಇತ್ತ ಕೊಡುಗೆಯನ್ನು ಅದೇ ಆದರದಿಂದ ಕಾಣುವುದನ್ನು ನಮ್ಮ ಮಕ್ಕಳಿಗೆ ಕಲಿಸೋಣ.