ದ್ವೀಪಕ್ಕೆ ಹೋಗಿ ತೊವ್ವೆ ತಿನ್ನದೆ ಬಂದವರು

ಪರದೇಶ ಸುತ್ತಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳುವುದು ನನ್ನ ಹಳೆಯ ಚಾಳಿ. ಬದುಕಿಡೀ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ ಅದು ನಿವೃತ್ತಿಯೊಡನೆ ಬಿಟ್ಟುಹೋಗುವುದಿಲ್ಲ. ಗ್ರೀಸಿನ ಸ್ಯಾಂಟೊರಿನಿ ದ್ವೀಪಕ್ಕೆ ಹೋಗಿಬಂದ ಪರಿಚಿತರೊಬ್ಬರು ಉತ್ತರವಾಗಿ ತಮ್ಮ ಮೊಬೈಲನ್ನೇ ನನ್ನ ಕೈಗಿತ್ತರು. ಬಿಳಿಯ ಗೋಡೆ, ನೀಲಿಯ ಗುಮ್ಮಟ, ಮುಳುಗುವ ಸೂರ್ಯ. ಎಲ್ಲದರ ಮುಂದೆಯೂ ಅವರೇ! "ಊಟಕ್ಕೆ ಮಾತ್ರ ಬಲು ತೊಂದರೆ ಮೇಷ್ಟ್ರೇ, ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಇಲ್ಲ. ಪೊಟ್ಟಣದ ಉಪ್ಪಿಟ್ಟೇ ಗತಿಯಾಯಿತು" ಎಂದು ಕೊರಗಿದರು.

ಈ ಮಾತನ್ನು ಕೇಳಿ ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ. ಕೆಲ ವರ್ಷಗಳ ಹಿಂದೆ ಮಗಳು ಅಳಿಯಂದಿರೊಡನೆ ನಾವಿಬ್ಬರೂ ಅಲ್ಲಿ ನಾಲ್ಕು ದಿನ ಇದ್ದೆವು. ಆ ದ್ವೀಪದ ಹೆಸರಾಂತ ತಿನಿಸೇ ಬೇಳೆ! ಅದಕ್ಕೆ ಅಲ್ಲಿ 'ಫಾವಾ' ಎನ್ನುತ್ತಾರೆ. ನಮ್ಮ ಕೇಸರಿಬೇಳೆಯ ಕುಲಕ್ಕೇ ಸೇರಿದ ಹಳದಿ ಬೇಳೆಯದು. ಅದನ್ನು ನುಣ್ಣಗೆ ಬೇಯಿಸಿ, ಮೇಲೆ ಆಲಿವ್ ಎಣ್ಣೆ ಸುರಿದು, ಈರುಳ್ಳಿ ಹಾಕಿ ಬಡಿಸುತ್ತಾರೆ. ಮೊದಲ ತುತ್ತಿಗೇ ನನ್ನಾಕೆ, "ಇದು ಒಗ್ಗರಣೆ ಮರೆತ ತೊವ್ವೆ ಕಣ್ರೀ" ಎಂದಳು. ಮಳೆ ವಿರಳವಾದ ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆಯುವ ಪುಟ್ಟ ಟೊಮ್ಯಾಟೊಗಳಿಂದ ನಮ್ಮ ಬೋಂಡಾವನ್ನು ನೆನಪಿಸುವ ಕರಿದ ತಿಂಡಿಯನ್ನೂ ಮಾಡುತ್ತಾರೆ. ತಿನ್ನಲು ಏನೂ ಇಲ್ಲವೆಂದರೆ ಕೇಳಲಿಲ್ಲವೆಂದೇ ಅರ್ಥ.

ನೋಡುವುದರ ಕಥೆಯೂ ಇದೇ. ಸುಮಾರು 3,600 ವರ್ಷಗಳ ಹಿಂದೆ ಜ್ವಾಲಾಮುಖಿ ಸಿಡಿದು ಬೂದಿಯಡಿ ಹೂತುಹೋದ ಅಕ್ರೊತೀರಿ ಎಂಬ ಪಟ್ಟಣವನ್ನು ಸ್ಪಿರಿಡಾನ್ ಮರಿನಾಟೋಸ್ 1967ರಿಂದ ಅಗೆಸತೊಡಗಿದರು. ಮಹಡಿಮನೆಗಳು, ಬೀದಿಯಡಿಯ ಚರಂಡಿಗಳು ಇಂದಿಗೂ ಅಲ್ಲಿ ಕಾಣುತ್ತವೆ. ಅಲ್ಲಿ ದೊರೆತ ನೀಲಿ ಕೋತಿಗಳ ಭಿತ್ತಿಚಿತ್ರ ಫಿರಾ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಅವು ಭಾರತ ಉಪಖಂಡದ ಮುಸಿಯಗಳೆಂದು 2019ರಲ್ಲಿ ಕೆಲವು ವಿದ್ವಾಂಸರು ವಾದಿಸಿದರು. ನಮ್ಮೂರಿನ ಮುಸಿಯ ಅಷ್ಟು ದೂರದ ಗೋಡೆಯ ಮೇಲೇರಿದ್ದು ಹೇಗೆ? ಈ ಪ್ರಶ್ನೆಯೊಂದಕ್ಕೇ ಆ ಪ್ರಯಾಣದ ಖರ್ಚು ಸಾರ್ಥಕ. ಪರಿಚಿತರನ್ನು ಕೇಳಿದೆ. "ಸಮಯವಿರಲಿಲ್ಲ" ಎಂದರು. ಸೂರ್ಯಾಸ್ತದ ಜಾಗ ಹಿಡಿಯಲು ಮಾತ್ರ ಎರಡು ಗಂಟೆ ಮೊದಲೇ ಹೋಗಿದ್ದರಂತೆ!

ಅವರವರ ದುಡ್ಡು, ಅವರವರ ಇಷ್ಟ, ನಿಮಗೇನು ಎನ್ನಬಹುದು. ಆದರೆ ಇದು ನಮ್ಮೊಬ್ಬರ ಇಷ್ಟದ ಪ್ರಶ್ನೆಯಾಗಿ ಉಳಿದಿಲ್ಲ. ಸುಮಾರು ಹದಿನೈದು ಸಾವಿರ ಜನರ ದ್ವೀಪಕ್ಕೆ 2023ರಲ್ಲಿ ಬಂದವರು ಮೂವತ್ತು ಲಕ್ಷಕ್ಕೂ ಹೆಚ್ಚೆಂದು ಪತ್ರಿಕೆಗಳು ಬರೆದವು. 2024ರ ಜುಲೈನಲ್ಲಿ ಒಂದೇ ದಿನ ಹತ್ತು ಸಾವಿರಕ್ಕೂ ಹೆಚ್ಚು ಹಡಗು ಪ್ರವಾಸಿಗಳು ಇಳಿಯಲಿದ್ದಾಗ, ಸ್ಥಳೀಯ ಜನಪ್ರತಿನಿಧಿಯೊಬ್ಬರು ಊರವರೇ ಓಡಾಟ ಕಡಿಮೆ ಮಾಡಬೇಕೆಂದು ಕೇಳಿಕೊಂಡರು. ಅತಿಥಿ ಬಂದನೆಂದು ಮನೆಯವರು ಕೋಣೆಯಲ್ಲಿ ಅಡಗಬೇಕೆ? 2025ರಿಂದ ಹಡಗು ಪ್ರವಾಸಿಗಳ ಸಂಖ್ಯೆಗೆ ದಿನಕ್ಕೆ 8,000ದ ಮಿತಿ ಬಂದಿದೆ. ಋತುಮಾನದ ಉಬ್ಬರದಲ್ಲಿ ತಲೆಗೆ 20 ಯೂರೋ ಶುಲ್ಕವೂ ಬಂದಿದೆ.

ಪ್ರವಾಸಿಗಳ ಹಣದಿಂದಲೇ ಆ ದ್ವೀಪ ಬದುಕಿದೆ ಎಂಬುದು ಸುಳ್ಳಲ್ಲ. 1956ರ ಭೂಕಂಪದಲ್ಲಿ ಮನೆಗಳುರುಳಿ ಎಷ್ಟೋ ಕುಟುಂಬಗಳು ಊರು ತೊರೆದಿದ್ದವು. ಮತ್ತೆ ದೀಪ ಹಚ್ಚಿಸಿದ್ದು ಪ್ರವಾಸೋದ್ಯಮವೇ. ಆದರೆ ಅನ್ನ ಕೊಟ್ಟವನಿಗೆ ಬಾಗಿಲಿಗೆ ಅಡ್ಡ ನಿಲ್ಲುವ ಹಕ್ಕು ಬರುವುದಿಲ್ಲ. ಇದನ್ನು ನಾನು ಪರರಿಗೆ ಮಾತ್ರ ಹೇಳುತ್ತಿಲ್ಲ. ಈಯಾ ಹಳ್ಳಿಯ ಇಕ್ಕಟ್ಟಿನ ಓಣಿಯಲ್ಲಿ ತರಕಾರಿ ಚೀಲ ಹಿಡಿದ ಮುದುಕಿಯೊಬ್ಬಳು ತನ್ನ ಮನೆಯೊಳಗೆ ಹೋಗಲು ಜನರನ್ನು ಬೇಡುತ್ತಿದ್ದಳು. ಸೂರ್ಯನನ್ನು ನೋಡುತ್ತ ಆ ಬಾಗಿಲಿಗೆ ಒರಗಿ ನಿಂತಿದ್ದವನು ನಾನೇ. ಆ ನಾಚಿಕೆ ಇನ್ನೂ ಹೋಗಿಲ್ಲ.

ಹೋಗಬೇಡಿ ಎನ್ನುವುದಿಲ್ಲ. ಬೇಸಗೆಯ ನೂಕುನುಗ್ಗಲು ಬಿಟ್ಟು ಹೋಗಿ, ನಾಲ್ಕು ದಿನ ಉಳಿಯಿರಿ, ಅಲ್ಲಿಯವರು ಉಣ್ಣುವುದನ್ನು ಉಣ್ಣಿ. ಎಲ್ಲಿಯೋ ತಯಾರಾಗಿ ಬಂದ ಫ್ರಿಜ್ಜಿನ ಮ್ಯಾಗ್ನೆಟ್ಟುಗಳ ಬದಲು ಆ ನೆಲದಲ್ಲಿ ಬೆಳೆದ ಒಂದು ಪೊಟ್ಟಣ ಫಾವಾ ಕೊಳ್ಳಿ. ರೈತನೊಬ್ಬ ಹೊಲವನ್ನು ಹೋಟೆಲಿಗೆ ಮಾರದೆ ಉಳಿಸಿಕೊಂಡಾನು. ನಾವು ತಂದದ್ದನ್ನು ನನ್ನಾಕೆ ಜೀರಿಗೆ, ಇಂಗಿನ ಒಗ್ಗರಣೆ ಹಾಕಿ ಮುಗಿಸಿದಳು. ಆ ಪರಿಚಿತರಿಗೂ ಒಂದು ಬಟ್ಟಲು ಕೊಟ್ಟಿದ್ದೆವು. ಯಾವ ಊರಿನ ಬೇಳೆಯೆಂದು ಅವರು ಕೇಳಲಿಲ್ಲ.